ಹಟಕ್ಕೆ ತಿಂದ ಸೊಪ್ಪು

ಮಾರ್ಚ್ ೩, ಸೋಮವಾರ

ತಿಂದದ್ದನ್ನೆಲ್ಲ ಬರೆದಿಡಿ ಎಂದಳು ಆಸ್ಪತ್ರೆಯಲ್ಲಿ ಊಟದ ವಿಷಯ ನೋಡುವವಳು. ಬರೆಯುತ್ತೇನೆ. ಬೆಳಿಗ್ಗೆ ಸೌತೆಕಾಯಿ. ಮಧ್ಯಾಹ್ನ ಬೇಯಿಸಿದ ಹೆಸರುಕಾಳು, ಉಪ್ಪು ಇದ್ದೂ ಇಲ್ಲದ ಹಾಗೆ. ಸಂಜೆ ಒಂದು ಸೇಬು, ಅದೂ ಹುಳಿ. ಬರೆದಾಯಿತು. ಇದನ್ನೇ ಅವಳಿಗೆ ಬೇರೆ ಹಾಳೆಯಲ್ಲಿ ಬರೆದು ಕೊಡುತ್ತೇನೆ. ಈ ಪುಸ್ತಕ ನನ್ನದು, ಇಲ್ಲಿ ನನ್ನ ಬೈಗುಳ ಇರಲಿ. ಬಾಯಿಬಿಟ್ಟು ಬೈಯೋಣವೆಂದರೆ ಮನೆಯಲ್ಲಿ ಕೇಳಿಸಿಕೊಳ್ಳುವವರೂ ಇಲ್ಲ.

ನಾನು ಕೋಳಿ ಕರಿದು ಮಾರುವವಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹದಿನೆಂಟು ವರ್ಷದಿಂದ ನನ್ನ ಒಲೆ ಆರಿಲ್ಲ. ಕೋಳಿ, ಮೀನು, ಲಿವರ್. ಅಂಥವಳನ್ನು ಕೂರಿಸಿಕೊಂಡು ಡಾಕ್ಟರು ಕನ್ನಡಕದ ಮೇಲಿಂದ ನೋಡುತ್ತ ಹೇಳಿದರು: "ನಿಮ್ಮ ಲಿವರ್ ತುಂಬ ಕೊಬ್ಬಿದೆ. ಹೀಗಿದ್ರೆ ತೊಗೊಳ್ಳಕ್ಕಾಗಲ್ಲ. ಆರು ವಾರ ಮಾಂಸ, ಮೀನು, ಮೊಟ್ಟೆ, ಕರಿದಿದ್ದು, ಸಕ್ಕರೆ ಯಾವುದನ್ನೂ ಮುಟ್ಟಬೇಡಿ. ದಿನಾ ನಡೀರಿ. ಆಮೇಲೆ ಮತ್ತೆ ನೋಡೋಣ."

ಬಿಳಿಚಿಕೊಂಡ, ಕೊಬ್ಬು ಹತ್ತಿದ ಲಿವರನ್ನು ಮಾಂಸದ ಅಂಗಡಿಯವನು ತೂಗಿಕೊಟ್ಟರೆ ಅವನ ತಕ್ಕಡಿಗೇ ವಾಪಸ್ ಎಸೆದು ಬರುವವಳು ನಾನು. ಇವತ್ತು ನನ್ನದನ್ನು ಎಸೆದರು.

ಇಷ್ಟೆಲ್ಲ ಯಾರಿಗಾಗಿ? ಡ್ರೈವಿಂಗ್ ಮಾಸ್ತರನಿಗಾಗಿ. ಇಬ್ಬರನ್ನೂ ಹೆತ್ತವಳು ಒಬ್ಬಳೇ ಆದ್ದರಿಂದ ಅವನು ನನಗೆ ಅಣ್ಣನಾಗಬೇಕು. ಆರು ವರ್ಷದಿಂದ ಹಾಗೆ ಕರೆದಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಮಾರ್ಚ್ ೫, ಬುಧವಾರ

ಕಾಳು, ಹಸಿರು ಬೀನ್ಸ್, ಮತ್ತೆ ಕಾಳು. ಹೊಟ್ಟೆಯೊಳಗೆ ಯಾರೋ ಕುರ್ಚಿ ಎಳೆದಾಡುತ್ತಿರುವಂತೆ ಸದ್ದು.

ಮಾಸ್ತರನ ಲಿವರ್ ಮುಗಿದಿದೆ. ಜೀವಮಾನದಲ್ಲಿ ಒಂದು ಹನಿ ಕುಡಿದವನಲ್ಲ, ಹೊಗೆ ಬಿಟ್ಟವನಲ್ಲ, ಎಣ್ಣೆ ಪದಾರ್ಥ ಕಂಡರೆ ಮೂಗು ಮುರಿಯುತ್ತಿದ್ದವನು. ಯಾವುದೋ ಹಳೆಯ ಸೋಂಕು ಒಳಗೊಳಗೇ ತಿಂದು ಹಾಕಿದೆಯಂತೆ. ಬೇರೆಯವರ ತಟ್ಟೆಗೆ ಇಣುಕಿ ಬುದ್ಧಿ ಹೇಳುತ್ತಿದ್ದವನಿಗೆ ಹೀಗಾಯಿತಲ್ಲ ಎಂದು ಸುದ್ದಿ ಕೇಳಿದ ದಿನ ನನ್ನ ಹೊಟ್ಟೆ ತಣ್ಣಗಾಗಿತ್ತು. ಸುಳ್ಳು ಯಾಕೆ ಬರೆಯಲಿ.

ಹೋದ ತಿಂಗಳು ಅಮ್ಮ ಒಬ್ಬಳೇ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದಳು. ಗಿರಾಕಿಗಳು ಹೋಗುವವರೆಗೆ ಎಣ್ಣೆ ಡಬ್ಬದ ಮೇಲೆ ಕೂತಿದ್ದಳು. ಬೇರೆ ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಟ್ಟರೆ ಅವನು ಬದುಕುತ್ತಾನಂತೆ, ಕೊಟ್ಟವರಿಗೆ ಮತ್ತೆ ಬೆಳೆಯುತ್ತದಂತೆ. ಅತ್ತಿಗೆಯ ರಕ್ತ ಹೊಂದುವುದಿಲ್ಲ. ಅವರ ಮಗಳಿನ್ನೂ ಶಾಲೆಗೆ ಹೋಗುವ ಹುಡುಗಿ. ಅಮ್ಮನಿಗೆ ವಯಸ್ಸಾಯಿತು.

"ಅವನೇ ಕಳಿಸಿದ್ನಾ?" ಎಂದೆ.

"ಅವನು ಕೇಳ್ತಾನಾ? ಸತ್ರೂ ಕೇಳಲ್ಲ. ನಾನು ಕೇಳ್ತಿದ್ದೀನಿ ಕಣೇ."

ಆರು ವರ್ಷದ ಹಿಂದೆ ನನ್ನ ಗಂಡನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ದಪ್ಪಗಿದ್ದ, ತಿನ್ನುತ್ತಿದ್ದ, ನಾನು ಬಡಿಸುತ್ತಿದ್ದೆ, ನಿಜ. ಕೋಣೆ ತುಂಬ ಜನ. ಈ ಮಾಸ್ತರ ಒಳಗೆ ಬಂದ, ಹೆಣದ ಮುಖ ನೋಡಿದ, ನನ್ನ ಕಡೆ ತಿರುಗಿ ಎಲ್ಲರಿಗೂ ಕೇಳಿಸುವ ಹಾಗೆ ಅಂದ: "ಕೊನೆಗೂ ತಿನ್ನಿಸಿ ತಿನ್ನಿಸಿ ಕೊಂದ್ಯಲ್ಲೇ ಇವನನ್ನ."

ಆಮೇಲೆ ಅವನ ಮನೆಯ ಹೊಸಿಲು ನಾನು ತುಳಿದಿಲ್ಲ.

ಹಾಗಿದ್ದರೂ ಅಮ್ಮನಿಗೆ ಹೂಂ ಅಂದೆ. ಯಾಕೆ ಅಂದರೆ, ಅವನು ಬದುಕಬೇಕು. ತೊಂಬತ್ತು ವರ್ಷ ಬದುಕಬೇಕು. ಪ್ರತಿದಿನ ಅನ್ನ ಉಂಡು ಅರಗಿಸಿಕೊಳ್ಳುವಾಗ, ಇದನ್ನು ಅರಗಿಸುತ್ತಿರುವುದು ಅವಳದು ಎಂದು ನೆನಪಾಗಬೇಕು. ಸತ್ತರೆ ತಪ್ಪಿಸಿಕೊಂಡ ಹಾಗೆ.

ಮಾರ್ಚ್ ೮, ಶನಿವಾರ

ಕಷ್ಟ ಹಸಿವಿನದ್ದಲ್ಲ. ಕಷ್ಟ ಮೂಗಿನದ್ದು. ದಿನವಿಡೀ ಬಾಣಲೆ ಮುಂದೆ ನಿಲ್ಲಬೇಕು, ಮಸಾಲೆ ಹಚ್ಚಬೇಕು, ಮೊದಲ ತುಂಡು ಕೆಂಪಗಾಗಿ ಮೇಲೆ ಬಂದಾಗ ನಾಲಿಗೆ ತನ್ನಷ್ಟಕ್ಕೆ ಎದ್ದು ಕೂರುತ್ತದೆ. ಆಮೇಲೆ ಡಬ್ಬಿ ಬಿಚ್ಚಿದರೆ ಕುಂಬಳಕಾಯಿ. ಬೇಯಿಸಿದ ಕುಂಬಳಕಾಯಿಯನ್ನು ನೋಡುವಾಗ ನನಗೆ ಜ್ವರ ಬಂದವರ ಮುಖ ನೆನಪಾಗುತ್ತದೆ.

ರುಚಿ ನೋಡದೆ ಮಾರುವುದು ಹೇಗೆ? ಪಕ್ಕದ ಇಸ್ತ್ರಿಯವನನ್ನು ಕರೆದೆ. ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ.

"ಉಪ್ಪು ಹೇಗಿದೆ?"

"ಚೆನ್ನಾಗಿದೆ ಅಕ್ಕಾ."

"ಖಾರ?"

"ಚೆನ್ನಾಗಿದೆ."

"ಉಪ್ಪು ಹಾಕೇ ಇಲ್ಲ ಕಣೋ ಅದಕ್ಕೆ."

"ಅದಕ್ಕೇ ಇರಬೇಕು, ಏನೋ ಹೊಸ ರುಚಿ ಅನ್ನಿಸ್ತು," ಅಂದ. ಇವನು ತನ್ನ ನಾಲಿಗೆಗೂ ಒಮ್ಮೆ ಇಸ್ತ್ರಿ ಹೊಡೆದುಕೊಂಡಿದ್ದಾನೆ.

ಮಾರ್ಚ್ ೧೧, ಮಂಗಳವಾರ

ಕಾಳು. ಬರೆಯುವುದಕ್ಕೂ ಶಕ್ತಿಯಿಲ್ಲ. ಇಡೀ ಬೀದಿ ನನ್ನ ಕಣ್ಣೆದುರು ಜಗಿಯುತ್ತಿದೆ.

ಮಾರ್ಚ್ ೧೪, ಶುಕ್ರವಾರ

ಅತ್ತಿಗೆ ಬಂದಿದ್ದರು, ಡಬ್ಬಿ ಹಿಡಿದುಕೊಂಡು. ಆರು ವರ್ಷ ದಾರಿಯಲ್ಲಿ ಕಂಡರೆ ಆಚೆ ಬದಿಗೆ ದಾಟುತ್ತಿದ್ದವರಿಗೆ ಈಗ ನನ್ನ ಊಟದ ಚಿಂತೆ.

"ಸೊಪ್ಪು ಮಾಡಿದ್ದೆ. ಎಣ್ಣೆ ಹಾಕಿಲ್ಲ, ಬೆಳ್ಳುಳ್ಳಿ ಸುಟ್ಟು ಹಾಕಿದ್ದೀನಿ. ನಮ್ಮನೇಲೂ ಈಗ ಇದೇ ಊಟ. ನೀವೊಬ್ರೇ ಕಷ್ಟ ಪಡೋದ್ಯಾಕೆ ಅಂತ..."

"ನನಗೆ ಜೊತೆ ಬೇಕು ಅಂದಿದ್ನಾ ನಾನು?"

ಅವರ ಮುಖ ಸಣ್ಣಗಾಯಿತು. ಆಗಲಿ. ನನ್ನ ಲಿವರಿನ ಕೊಬ್ಬು ಇಳಿಯಲಿ ಎಂದು ಇಡೀ ಮನೆಯೇ ಕಾದು ಕೂತಿದೆ. ಸಂತೆಗೆ ಒಯ್ಯುವ ಕುರಿಗೂ ಹೀಗೇ ಸೊಪ್ಪು ತಿನ್ನಿಸುತ್ತಾರೆ.

ಡಬ್ಬಿ ಇಟ್ಟು ಹೋದರು. ಬೀದಿನಾಯಿಗೆ ಹಾಕೋಣವೆಂದುಕೊಂಡೆ, ಅದು ಸೊಪ್ಪು ತಿನ್ನುವುದಿಲ್ಲ. ತಿಂದೆ. ಕೆಟ್ಟದಾಗಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಡಬ್ಬಿ ತೊಳೆದು ಇಸ್ತ್ರಿಯವನ ಕೈಯಲ್ಲಿ ಕಳಿಸಿದೆ. ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಸುಟ್ಟರೋ ಸುಲಿದು ಸುಟ್ಟರೋ ಕೇಳಿಕೊಂಡು ಬಾ ಎಂದೆ. ಸಿಪ್ಪೆ ಸಮೇತವಂತೆ.

ಮಾರ್ಚ್ ೨೨, ಶನಿವಾರ

ಇವತ್ತಿನದ್ದನ್ನು ಪೂರ್ತಿ ಬರೆಯಬೇಕು, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಮಾಸ್ತರ ಅಂಗಡಿಗೆ ಬಂದ. ಮಧ್ಯಾಹ್ನದ ಗಿರಾಕಿಗಳು ಮುಗಿದು ನಾನು ಎಣ್ಣೆ ಸೋಸುತ್ತಿದ್ದೆ. ತಲೆ ಎತ್ತಿದರೆ ಎದುರಿಗೆ ನಿಂತಿದ್ದಾನೆ. ಮೊದಲು ಗುರುತು ಹತ್ತಲಿಲ್ಲ. ಕಣ್ಣು ಅರಿಶಿನ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿಕೊಂಡಿದೆ. ಕೈಗಡಿಯಾರದ ಬೆಲ್ಟಿಗೆ ಹೊಸ ತೂತು ಕೊರೆದಿದ್ದಾನೆ, ಉಳಿದ ತುದಿ ನಾಲಿಗೆಯ ಹಾಗೆ ಜೋತಾಡುತ್ತಿತ್ತು. ಒಂದು ಕಾಲದಲ್ಲಿ ಪಕ್ಕದ ಸೀಟಿನಲ್ಲಿ ಕೂತು ಊರಿಗೆಲ್ಲ ಬ್ರೇಕ್ ಹಾಕಿಸುತ್ತಿದ್ದ ಮನುಷ್ಯ, ನನ್ನ ಕಟ್ಟೆ ಹಿಡಿದುಕೊಂಡು ಉಸಿರು ಎಳೆಯುತ್ತಿದ್ದ.

"ಒಲೆ ಇಷ್ಟು ಜೋರಾಗಿ ಇಟ್ಕೊಂಡು ಎಣ್ಣೆ ಸೋಸ್ತಾರಾ?" ಆರು ವರ್ಷದ ಮೇಲೆ ಬಾಯಿಂದ ಬಂದ ಮೊದಲ ಮಾತು ಅದು.

"ಕೈ ನಂದು, ಎಣ್ಣೆ ನಂದು. ಏನ್ ಬೇಕು?"

"ಇದನ್ನೆಲ್ಲ ನಿಲ್ಸು ಅಂತ ಹೇಳಕ್ಕೆ ಬಂದೆ. ಸೊಪ್ಪು, ಕಾಳು, ನಡಿಗೆ, ಎಲ್ಲ ನಿಲ್ಸು. ನಿನ್ನ ಋಣ ನನಗೆ ಬೇಡ."

"ನಿನಗೆ ಬೇಕಾ ಬೇಡ್ವಾ ಅಂತ ಇಲ್ಲಿ ಯಾರಾದ್ರೂ ಕೇಳಿದ್ರಾ?"

"ನಿನಗೇನಾದ್ರೂ ಆದ್ರೆ ಅಮ್ಮನಿಗೆ ಯಾರು ಉತ್ತರ ಹೇಳ್ತಾರೆ?"

"ಓಹೋ. ಗಂಡನ್ನ ಕೊಂದವಳ ಕೈಯಿಂದ ಬೇಡ ಅನ್ನು. ನೇರವಾಗಿ ಹೇಳು."

ಇಸ್ತ್ರಿಯವನು ಕೆಲಸ ನಿಲ್ಲಿಸಿ ಕಿವಿ ಇತ್ತ ಕೊಟ್ಟಿದ್ದ, ಅಂಗಿ ಸುಟ್ಟ ವಾಸನೆ ಬಂತು.

"ಅವನು ನಿನ್ನ ಗಂಡ ಆಗೋದಕ್ಕೆ ಮುಂಚೆ ನನ್ನ ಸ್ನೇಹಿತ," ಎಂದ ಮಾಸ್ತರ. "ಒಂದೇ ಬೆಂಚಲ್ಲಿ ಕೂತು ಓದಿದೋರು. ಅವನನ್ನ ನಿನಗೆ ತೋರ್ಸಿದ್ದೇ ನಾನು. ಆವತ್ತು ಅಲ್ಲಿ ಎಲ್ರೂ ನಿನ್ನನ್ನ ತಬ್ಕೊಂಡು ಅಳ್ತಿದ್ರು. ನನ್ನ ಹತ್ರ ಬಂದು ನಿನ್ನ ಸ್ನೇಹಿತ ಹೋದ್ನಲ್ಲೋ ಅಂತ ಒಬ್ರೂ ಅನ್ಲಿಲ್ಲ. ನೀನೂ ಅನ್ಲಿಲ್ಲ."

"ಅದಕ್ಕೆ ಹಂಗಂದ್ಯಾ?"

"ಬಾಯಿಗೆ ಬಂತು, ಅಂದೆ."

"ಆಮೇಲೆ ಆರು ವರ್ಷ ಬಾಯಿಗೆ ಏನಾಗಿತ್ತು?"

ಅವನು ಕಟ್ಟೆ ಬಿಟ್ಟು, ಗೋಡೆ ಹಿಡಿದು, ಆಮೇಲೆ ಕಂಬ ಹಿಡಿದು ಹೋದ. ಇಸ್ತ್ರಿಯವನು ಆಟೋ ನಿಲ್ಲಿಸಿ ಹತ್ತಿಸಿದ. ನಾನು ಕಳಿಸಿದ್ದಲ್ಲ. ನೋಡ್ಕೊಂಡು ನಿಂತಿದ್ಯಲ್ಲೋ ಎಂದು ಗದರಿದೆ, ಅಷ್ಟೇ.

ಅವನು ಹೋದ ಮೇಲೆ ಒಂದು ಕೋಳಿಕಾಲು ಕರಿದೆ. ದೊಡ್ಡದು. ನಿಂತುಕೊಂಡೇ ತಿಂದೆ, ಮೂಳೆ ಚೀಪಿದೆ. ಬೇಡ ಅಂದನಲ್ಲ, ತೊಗೋ. ತಿನ್ನುವಾಗ ಏನೂ ಗೊತ್ತಾಗಲಿಲ್ಲ, ರುಚಿ ಕೂಡ. ಮುಗಿದ ಮೇಲೆ ಕೈ ತೊಳೆದೆ, ಮತ್ತೆ ತೊಳೆದೆ, ನಿಂಬೆ ಸಿಪ್ಪೆ ಹಾಕಿ ಉಜ್ಜಿದೆ.

ಸ್ನೇಹಿತನಂತೆ. ಅಳು ಬಂದರೆ ಅಳಬೇಕಿತ್ತು. ಯಾರಾದರೂ ಅವನ ಕಣ್ಣಿಗೆ ಬೀಗ ಹಾಕಿದ್ದರೇ?

ಮಾರ್ಚ್ ೨೩, ಭಾನುವಾರ

ಬೆಳಿಗ್ಗೆ ನೀರು, ಸೌತೆಕಾಯಿ. ಊರಾಚೆಯ ನೀರಿನ ಟ್ಯಾಂಕ್‌ವರೆಗೆ ನಡೆದೆ, ವಾಪಸ್ ಬಂದು ಮತ್ತೆ ಹೋದೆ. ಒಂದು ಕಾಲು ತಿಂದರೆ ಎಷ್ಟು ಕೊಬ್ಬು ಏರುತ್ತದೆ ಎಂದು ಯಾರನ್ನು ಕೇಳುವುದು? ಊಟದವಳಿಗೆ ಫೋನ್ ಮಾಡಿ, ನನ್ನ ಗೆಳತಿಯೊಬ್ಬಳು ತಪ್ಪಿ ತಿಂದುಬಿಟ್ಟಿದ್ದಾಳೆ ಎಂದು ಕೇಳಿದೆ. "ನಿಮ್ಮ ಗೆಳತಿಗೆ ಹೇಳಿ, ಒಂದು ದಿನದ್ದು ಪರವಾಗಿಲ್ಲ, ಮುಂದೆ ಹುಷಾರಾಗಿರಲಿ," ಎಂದಳು. ಧ್ವನಿಯಲ್ಲಿ ನಗು ಇತ್ತು. ಇವಳಿಗೂ ಒಂದು ಮಾತು ಕಾದಿದೆ.

ಏಪ್ರಿಲ್ ೨, ಬುಧವಾರ

ಸೀರೆ ಸೊಂಟದಲ್ಲಿ ನಿಲ್ಲುತ್ತಿಲ್ಲ, ಜಾರುತ್ತದೆ. ಇಸ್ತ್ರಿಯವನು ಈಗ ಉಪ್ಪು ಕಡಿಮೆ, ಖಾರ ಜಾಸ್ತಿ ಎಂದೆಲ್ಲ ಹೇಳಲು ಕಲಿತಿದ್ದಾನೆ. ತಲೆ ಮೇಲೆ ಕೂರುವುದೊಂದು ಬಾಕಿ. ನಿನ್ನೆ ನನ್ನ ಡಬ್ಬಿಗೂ ಕೈ ಹಾಕಿ, ಅಕ್ಕಾ, ಈ ಸುಟ್ಟ ಬದನೆಕಾಯಿ ನಿಮ್ಮ ಕೋಳಿಗಿಂತ ಚೆನ್ನಾಗಿದೆ ಎಂದ. ಸೌಟು ತೋರಿಸಿದ ಮೇಲೆ ಹೋದ.

ನಡಿಗೆಗೆ ಮೈದಾನದ ದಾರಿ ಹಿಡಿದಿದ್ದೆ. ಡ್ರೈವಿಂಗ್ ಕಲಿಸುವ ಕಾರು ಅಲ್ಲೇ ಓಡಾಡುತ್ತಿತ್ತು. ಮಾಸ್ತರನ ಬದಲಿಗೆ ಬಂದವನೊಬ್ಬ ಪಕ್ಕದ ಸೀಟಿನಲ್ಲಿ ಕೂತು ಫೋನ್ ನೋಡುತ್ತಿದ್ದಾನೆ. ಕಲಿಯುತ್ತಿದ್ದ ಹೆಂಗಸು ಗೇರ್ ಸಿಗದೆ ಕಿರುಗುಟ್ಟಿಸಿ, ಹಿಂದೆ ಹೋಗಿ ಬೇಲಿಕಂಬಕ್ಕೆ ಉಜ್ಜಿದಳು. ಅವನು ತಲೆಯನ್ನೂ ಎತ್ತಲಿಲ್ಲ. ನಾನು ಹೋಗಿ ಗಾಜು ಬಡಿದೆ.

"ಕ್ಲಚ್ ಪೂರ್ತಿ ಒತ್ತಿಸ್ಬೇಕು ಅಂತ ಹೇಳಕ್ಕಾಗಲ್ವಾ ನಿನಗೆ? ಅಣ್ಣನ ಗಾಡಿ ಅದು. ಒಂದು ಗೀರು ಬಿದ್ದಿಲ್ಲ ಇಷ್ಟು ವರ್ಷದಲ್ಲಿ."

"ನೀವ್ಯಾರಮ್ಮ?"

ಯಾರಾದರೇನು. ಕೆಳಗಿಳಿಸಿ ಗೀರು ತೋರಿಸಿದೆ. ಒದ್ದೆ ಬಟ್ಟೆ ತರಿಸಿ ಒರೆಸಿದೆವು, ಹೋಗಲಿಲ್ಲ. ಅಣ್ಣ ನೋಡಿದರೆ ಇವನನ್ನು ಉಳಿಸುವುದಿಲ್ಲ. ನೋಡುವುದಕ್ಕೆ ಎದ್ದು ಬರಬೇಕಲ್ಲ.

ಏಪ್ರಿಲ್ ೯, ಬುಧವಾರ

ಅಮ್ಮನ ಫೋನು. ಅವನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ. ಏನೇನೋ ಮಾತಾಡುತ್ತಿದ್ದಾನಂತೆ, ಮಗಳನ್ನು ಕಂಡು ಯಾರು ಎಂದು ಕೇಳಿದನಂತೆ. ಹೊಟ್ಟೆಯಿಂದ ನೀರು ತೆಗೆದರಂತೆ.

"ಇನ್ನೂ ಐದು ದಿನ ಇದೆಯಲ್ಲೇ ನಿನ್ನ ಪರೀಕ್ಷೆಗೆ," ಎಂದಳು.

ನನಗೆ ಎಣಿಸಲು ಬರುವುದಿಲ್ಲವೇ? ಫೋನ್ ಇಟ್ಟೆ. ಮೀನು ಕರಕಲಾಗಿತ್ತು. ಗಿರಾಕಿ ಬೈದ, ನಾನೂ ಬೈದೆ. ಅಂಗಡಿ ಮುಚ್ಚಿ ನಡೆದೆ.

ಏಪ್ರಿಲ್ ೧೦, ಗುರುವಾರ

ಬೇಯಿಸಿದ ಸೊಪ್ಪು. ನಡಿಗೆ.

ಏಪ್ರಿಲ್ ೧೪, ಸೋಮವಾರ

ಪಾಸಾದೆ. ಡಾಕ್ಟರು ಪರದೆಯ ಮೇಲೆ ಹಿಂದಿನ ಚಿತ್ರ, ಈಗಿನ ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದರು. "ಇಷ್ಟು ಚೆನ್ನಾಗಿ ಇಳಿಸಿದವರು ಕಡಿಮೆ," ಎಂದರು. ನನಗೆ ಎರಡೂ ಮೋಡದ ಹಾಗೆ ಕಂಡವು.

ಆಮೇಲೆ ಇನ್ನೊಂದು ಕೋಣೆಗೆ ಕಳಿಸಿದರು. ಅಲ್ಲಿ ಒಬ್ಬಳು ಆಪ್ತ ಸಲಹೆಗಾರ್ತಿ, ಮೂವತ್ತು ದಾಟಿರಲಿಕ್ಕಿಲ್ಲ. ಮೇಜಿನ ಮೇಲೆ ಒಂದು ಲೋಟ ನೀರು, ಮೂಗು ಒರೆಸುವ ಕಾಗದದ ಡಬ್ಬಿ. ನಾನು ಅಳುತ್ತೇನೆಂದು ಲೆಕ್ಕ ಹಾಕಿದ್ದಳು. ಬಾಗಿಲು ಮುಚ್ಚಿ ಹೇಳಿದಳು:

"ಇಲ್ಲಿ ಆಡಿದ ಮಾತು ಹೊರಗೆ ಹೋಗಲ್ಲ. ನಿಮಗೆ ಮನಸ್ಸಿಲ್ಲದಿದ್ರೆ ಈಗ್ಲೇ ಹೇಳಿ. ನಿಮ್ಮ ಲಿವರ್ ಸರಿಹೊಂದಲಿಲ್ಲ ಅಂತಷ್ಟೇ ಮನೆಯವರಿಗೆ ಹೇಳ್ತೀವಿ. ನೀವು ಬೇಡ ಅಂದ್ರಿ ಅಂತ ಯಾರಿಗೂ ಗೊತ್ತಾಗಲ್ಲ."

ಇಷ್ಟು ಸುಲಭದ ಬಾಗಿಲು ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

"ನಿಮ್ಮಿಬ್ಬರ ಮಧ್ಯೆ ಹೇಗಿದೆ?"

"ಚೆನ್ನಾಗಿಲ್ಲ. ಮುಖ ಕಂಡ್ರೆ ಆಗಲ್ಲ."

"ಮತ್ಯಾಕೆ ಕೊಡ್ತಿದ್ದೀರಿ?"

"ಸಾಯೋವರೆಗೂ ನನ್ನ ಋಣದಲ್ಲಿ ಬಿದ್ದಿರ್ಲಿ ಅಂತ."

ನಗುತ್ತಾಳೆ, ಇಲ್ಲ ಬುದ್ಧಿ ಹೇಳುತ್ತಾಳೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ಪೆನ್ನು ಕೆಳಗಿಟ್ಟಳು.

"ಅವರ ಸ್ಥಿತಿ ಈಗ ಚೆನ್ನಾಗಿಲ್ಲ. ಆಪರೇಷನ್ ಆದ್ಮೇಲೂ ಅವರು ಉಳೀದೇ ಹೋಗಬಹುದು. ಆಗ ಋಣದಲ್ಲಿ ಬೀಳಕ್ಕೆ ಯಾರೂ ಇರಲ್ಲ. ನಿಮ್ಮ ಹೊಟ್ಟೆ ಮೇಲೆ ಗಾಯ ಮಾತ್ರ ಇರತ್ತೆ. ಆಗ್ಲೂ ಕೊಡ್ತೀರಾ?"

"ಕೊಡ್ತೀನಿ."

ನಾನು ಯೋಚನೆ ಮಾಡುವುದಕ್ಕೆ ಮುಂಚೆಯೇ ಬಾಯಿ ಹೇಳಿಬಿಟ್ಟಿತ್ತು. ಅವಳು ಅದನ್ನೇ ಬರೆದುಕೊಂಡಳು. ಹೀಗೆ ಅಡ್ಡದಾರಿಯಲ್ಲಿ ಮಾತು ಹೊರಡಿಸುವುದಕ್ಕೆ ಇವಳಿಗೆ ಸಂಬಳ ಬೇರೆ. ಲೋಟದ ನೀರನ್ನು ಪೂರ್ತಿ ಕುಡಿದು ಎದ್ದು ಬಂದೆ. ಕಾಗದ ಮುಟ್ಟಲಿಲ್ಲ.

ಏಪ್ರಿಲ್ ೧೭, ಗುರುವಾರ

ನಾಳೆ ಬೆಳಿಗ್ಗೆ. ಆಸ್ಪತ್ರೆಯ ಹಾಸಿಗೆ ಗಟ್ಟಿ. ಅತ್ತಿಗೆ ಬಂದು ನನ್ನ ಜಡೆ ಬಿಚ್ಚಿ ಎರಡಾಗಿ ಹೆಣೆದರು, ಟೋಪಿಯೊಳಗೆ ಸೇರಿಸಲು ಸುಲಭವಂತೆ. ಎಳೆದು ಹೆಣೆದರು, ನೋವಾಯಿತು. ಎರಡನೆಯ ಜಡೆಗೂ ತಲೆ ತಿರುಗಿಸಿ ಕೊಟ್ಟೆ.

ಅಮ್ಮ ಎರಡು ಕೋಣೆಗಳ ನಡುವೆ ಓಡಾಡುತ್ತ ಯಾರ ಹತ್ತಿರವೂ ಕೂರುತ್ತಿಲ್ಲ. ಒಂದು ಕಡೆ ಕೂರಮ್ಮ ಎಂದರೆ, ಯಾವ ಕಡೆ ಕೂರಲೇ ಎಂದಳು.

ಅಣ್ಣನಿಗೆ ಇವತ್ತು ಸ್ವಲ್ಪ ಎಚ್ಚರ ಇತ್ತಂತೆ. ಏನಾದ್ರೂ ಹೇಳಿದ್ನಾ ಎಂದು ಕೇಳಿದೆ. ಅವಳಿಗೆ ಚಳಿ ಜಾಸ್ತಿ, ಎರಡು ಹೊದಿಕೆ ಕೊಡಲಿಕ್ಕೆ ಹೇಳು ಎಂದನಂತೆ. ಕೊಟ್ಟಿದ್ದಾರೆ. ಸೆಖೆಯಲ್ಲಿ ಬೇಯುತ್ತಿದ್ದೇನೆ.

ಏಪ್ರಿಲ್ ೨೨, ಮಂಗಳವಾರ

ಪೆನ್ನು ಭಾರ. ನೋವು. ಅವನಿದ್ದಾನೆ.

ಏಪ್ರಿಲ್ ೨೭, ಭಾನುವಾರ

ನಾಳೆ ನನ್ನನ್ನು ಮನೆಗೆ ಕಳಿಸುತ್ತಾರೆ. ಇನ್ನು ಮೇಲೆ ಎಲ್ಲ ತಿನ್ನಬಹುದು, ನಿಧಾನಕ್ಕೆ ಶುರು ಮಾಡಿ ಎಂದರು ಡಾಕ್ಟರು. ಮಧ್ಯಾಹ್ನ ಕೋಳಿ ಸೂಪ್ ಕೊಟ್ಟರು. ಯಾರೋ ಕೋಳಿಯನ್ನು ದೂರದಿಂದ ತೋರಿಸಿ ನೀರು ಕಾಯಿಸಿದ್ದಾರೆ. ಈ ಅಡುಗೆಯವನನ್ನು ಒಂದು ವಾರ ನನ್ನ ಕೈಗೆ ಕೊಡಬೇಕು.

ಸಂಜೆ, ಮನೆಗೆ ಹೋಗುವ ಮೊದಲು ಒಮ್ಮೆ ಅಣ್ಣನನ್ನು ನೋಡುತ್ತೇನೆ ಎಂದೆ. ನೋಡುವ ಆಸೆಯಿಂದಲ್ಲ, ನನ್ನ ವಸ್ತುವನ್ನು ಹೇಗೆ ಇಟ್ಟುಕೊಂಡಿದ್ದಾನೆ ಎಂದು ವಿಚಾರಿಸುವುದಕ್ಕೆ. ನರ್ಸ್ ನನಗೆ ಮುಖಕ್ಕೆ ಬಟ್ಟೆ ಕಟ್ಟಿ, ಮೈಮೇಲೆ ನಿಲುವಂಗಿ ಹಾಕಿ, ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದಳು.

ದಿಂಬಿಗೆ ಒರಗಿ ಕೂತಿದ್ದ. ಮೂಳೆಯ ಗೊಂಚಲು. ಆದರೆ ಕಣ್ಣು ಬೆಳ್ಳಗಿತ್ತು. ಆ ಹಳದಿ ಎಲ್ಲಿ ಹೋಯಿತೋ. ನಾನು ಅದನ್ನೇ ನೋಡುತ್ತ ಕೂತೆ. ಅವನು ಗಾಲಿಕುರ್ಚಿ ನೋಡುತ್ತಿದ್ದ.

"ಬ್ರೇಕ್ ಹಾಕಿಲ್ಲ," ಎಂದ ನರ್ಸ್‌ಗೆ. "ಜಾರತ್ತೆ ಅದು."

ಅವಳು ಹಾಕಿ ಹೊರಗೆ ಹೋದಳು.

ಅವನ ಮುಂದೆ ಒಂದು ಬಟ್ಟಲು. ಮಸೆದ ಕುಂಬಳಕಾಯಿ, ಉಪ್ಪಿಲ್ಲ, ಎಣ್ಣೆಯಿಲ್ಲ. ಒಂದು ಚಮಚ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಹಾಗೇ ಇದ್ದ. ನುಂಗಿದ.

"ಇದನ್ನ ಆರು ವಾರ ತಿಂದ್ಯಾ ನೀನು?"

"ಹೂಂ."

"ದಿನಾ?"

"ಒಂದು ದಿನ ಬಿಟ್ಟು. ನೀನು ಬಂದು ನನ್ನ ತಲೆ ಕೆಡಿಸಿದ ದಿನ."

ಅವನು ಚಮಚವನ್ನು ಬಟ್ಟಲಿನಲ್ಲಿ ಆಡಿಸಿದ. ಏನೋ ಹೇಳುತ್ತಾನೆ ಎಂದುಕೊಂಡೆ. ಹೇಳಿದರೆ ಹೇಗೆ ಉತ್ತರ ಕೊಡಬೇಕೆಂದು ಆರು ವರ್ಷದಿಂದ ಕೂಡಿಟ್ಟದ್ದೆಲ್ಲ ತಯಾರಿತ್ತು.

"ಅವನಿದ್ದಿದ್ರೆ," ಎಂದ ಅಣ್ಣ, "ಈ ಬಟ್ಟಲನ್ನ ತೊಗೊಂಡು ಹೋಗಿ ಡಾಕ್ಟರ ತಲೆ ಮೇಲೆ ಕವುಚಿ ಬರ್ತಿದ್ದ."

ಅಷ್ಟೇ ಅಂದದ್ದು. ನನಗೆ ನನ್ನ ಗಂಡ ಆ ದೊಡ್ಡ ಹೊಟ್ಟೆ ಹೊತ್ತು, ಬಟ್ಟಲು ಹಿಡಿದು, ಡಾಕ್ಟರನ್ನು ಹುಡುಕಿಕೊಂಡು ಓಣಿಯಲ್ಲಿ ಹೋಗುತ್ತಿರುವುದು ಕಣ್ಣಿಗೆ ಕಟ್ಟಿತು.

"ಕವುಚಿ ಬಂದು, ಹಸಿವಾಗ್ತಿದೆ ಅಂತಿದ್ದ," ಎಂದೆ.

ಅಣ್ಣ ನಕ್ಕ. ನಗು ಬಂದದ್ದೇ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ಅಯ್ಯೋ ಎಂದ. ಅದನ್ನು ನೋಡಿ ನಾನು ನಕ್ಕೆ, ನನ್ನ ಹೊಲಿಗೆಯೂ ಎಳೆಯಿತು, ನಾನೂ ಹಿಡಿದುಕೊಂಡೆ. ನಗಿಸ್ಬೇಡ್ವೇ ಎನ್ನುತ್ತಾನೆ, ನೀನು ಶುರು ಮಾಡಿದ್ದು ಎನ್ನುತ್ತೇನೆ, ಮತ್ತೆ ನಗು, ಮತ್ತೆ ನೋವು. ಇಬ್ಬರ ಕಣ್ಣಲ್ಲೂ ನೀರು. ಅವನದು ನಿಲ್ಲಲೇ ಇಲ್ಲ. ಆಮೇಲೆ ಅದು ನಗುವಾಗಿಯೂ ಇರಲಿಲ್ಲ. ಮುಖ ಗೋಡೆಯ ಕಡೆ ತಿರುಗಿಸಿಕೊಂಡ. ನಾನು ಕುರ್ಚಿಯ ಬ್ರೇಕ್ ಬಿಟ್ಟು, ಮಂಚದ ಹತ್ತಿರ ಸರಿದು, ಅವನು ತಿರುಗುವವರೆಗೂ ಕೂತಿದ್ದೆ. ನರ್ಸ್ ಬಂದು ಇಬ್ಬರನ್ನೂ ಬೈದು ನನ್ನನ್ನು ತಳ್ಳಿಕೊಂಡು ಬಂದಳು.

ಈಗ ಹೊಲಿಗೆ ಉದ್ದಕ್ಕೂ ಉರಿಯುತ್ತಿದೆ. ಮಾತ್ರೆ ನುಂಗಿದರೂ ಇಳಿದಿಲ್ಲ. ಎಲ್ಲ ಅವನಿಂದ. ಸುಮ್ಮನೆ ಮಲಗಿ ವಾಸಿಯಾಗು ಎಂದರೆ ಆಗುವವನಲ್ಲ. ಹಳೆಯ ಲೆಕ್ಕ ಒಂದೂ ತೀರಿಲ್ಲ, ಅದರ ಮೇಲೆ ಇದೊಂದು ಹೊಸದು. ನಾಳೆ ನಾನು ಮನೆಗೆ ಹೋದರೆ ಪಾರಾದೆ ಎಂದುಕೊಂಡಿದ್ದಾನೇನೋ. ಆ ಬಟ್ಟಲನ್ನು ನೋಡಿದ ಮೇಲೆ ಊಟದವಳನ್ನು ಕರೆಸಿ, ಅವನಿಗೆ ಏನೇನು ಕೊಡಬಹುದು, ಎಷ್ಟು ಉಪ್ಪು, ಎಷ್ಟು ಎಣ್ಣೆ ಎಂದು ಎಲ್ಲ ಕೇಳಿಕೊಂಡಿದ್ದೇನೆ. ಡಬ್ಬಿ ಹೊತ್ತು ತರುವುದು ಅತ್ತಿಗೆಯ ಕೆಲಸ. ಎದುರಿಗೆ ಕೂತು ಕೊನೆಯ ಚಮಚದವರೆಗೂ ತಿನ್ನಿಸುವುದು ನನ್ನದು. ಬೇಡ ಅನ್ನಲಿ, ನೋಡಿಕೊಳ್ಳುತ್ತೇನೆ.